ಓದಲಾಗದ ಒಪ್ಪಿಗೆ

ತಾಳಗುಂದದ ಪ್ರಣವೇಶ್ವರ ಗುಡಿಯೆದುರಿನ ಕಂಬದಲ್ಲಿ ಅಕ್ಷರಗಳು ತಲೆಯ ಮೇಲೆ ಪುಟ್ಟ ಪೆಟ್ಟಿಗೆ ಹೊತ್ತಂತೆ ನಿಂತಿವೆ. ಕದಂಬರ ಕಾಲದ ಕವಿ ಕುಬ್ಜ ತಾನೇ ರಚಿಸಿ ತಾನೇ ಕಲ್ಲಿಗೆ ಬರೆದ ಶಾಸನವದು. ಅದರ ಪಕ್ಕದಲ್ಲೇ ಹುಟ್ಟಿ ಬೆಳೆದವರಿಗೂ ಅದನ್ನು ಓದಲು ಬರುವುದಿಲ್ಲ. ಕಳೆದ ಸಲ ಅಲ್ಲಿ ನಿಂತಾಗ ನನಗೆ ನೆನಪಾದದ್ದು ವೈದ್ಯಕೀಯ ಪ್ರಯೋಗಗಳ ಒಪ್ಪಿಗೆ ಪತ್ರ.

1969ರಲ್ಲಿ ಇಂಗ್ಲೆಂಡಿನ ಕೊವೆಂಟ್ರಿಯಲ್ಲಿ ದಕ್ಷಿಣ ಏಷ್ಯಾ ಮೂಲದ 21 ಹೆಂಗಸರ ಮನೆಗೆ ಚಪಾತಿಗಳು ಬಂದವು. ರಕ್ತಹೀನತೆಯ ಅಧ್ಯಯನ, ಹಿಟ್ಟಿನಲ್ಲಿ ಬೆರೆತದ್ದು ವಿಕಿರಣ ಸೂಸುವ ಕಬ್ಬಿಣ-59. ಮೈ ಎಷ್ಟು ಹೀರಿತೆಂದು ಅಳೆಯಲು ಅವರನ್ನು ಹಾರ್ವೆಲ್ಲಿನ ಪರಮಾಣು ಸಂಶೋಧನಾ ಕೇಂದ್ರಕ್ಕೆ ಕರೆದೊಯ್ದರು. ಸಂಗತಿ 1995ರಲ್ಲಿ ಟಿ.ವಿ. ಸಾಕ್ಷ್ಯಚಿತ್ರವೊಂದರಿಂದ ಬಯಲಾಯಿತು. ವಿವರಿಸಲು ಯತ್ನಿಸಿದ್ದೆವು ಎಂಬುದು ಸಂಶೋಧಕರ ಕಡೆಯ ಮಾತು. ವಿವರಿಸಲು ಯತ್ನಿಸುವುದು ಬೇರೆ, ಇಂಗ್ಲಿಷ್ ಸರಿಯಾಗಿ ಬಾರದವರಿಗೆ ತಿಳಿಯುವುದು ಬೇರೆ.

ವಿಕಿರಣದ ಪ್ರಮಾಣ ಅಲ್ಪ ಎಂಬ ಸಮಾಧಾನ ಇಂಥಲ್ಲೆಲ್ಲ ಕೇಳಿಬರುತ್ತದೆ. ನೆಲ, ಗಾಳಿ, ಆಕಾಶದಿಂದಲೇ ನಮ್ಮ ಮೈಗೆ ವರ್ಷಕ್ಕೆ ಸರಾಸರಿ 2.4 ಮಿಲಿಸೀವರ್ಟ್ ತಾಗುತ್ತದೆ, ನಿಜ. ಎದೆಯ ಒಂದು ಸಿ.ಟಿ. ಸ್ಕ್ಯಾನಿಗೆ ಸುಮಾರು 7. ಆದರೆ ಸ್ಕ್ಯಾನಿಗೆ ಮಲಗಿದ ರೋಗಿಗೆ ತನ್ನ ಕಾಯಿಲೆಯ ಸುಳಿವು ಸಿಗುತ್ತದೆ. ಪ್ರಯೋಗಕ್ಕೆ ಬಂದ ಆರೋಗ್ಯವಂತನ ಮೈಗೆ ಸಿಗುವುದು ಏನೂ ಇಲ್ಲ. ಅವನದು ಬರೀ ಕೊಡುಗೆ. ಏನು ಕೊಡುತ್ತಿದ್ದೇನೆಂದು ತಿಳಿಯದವನಿಂದ ಪಡೆದದ್ದನ್ನು ಕೊಡುಗೆ ಎನ್ನಲಾರೆ.

ಬೆಂಗಳೂರಿನ ಸೇಂಟ್ ಜಾನ್ಸ್ ಸಂಶೋಧನಾ ಸಂಸ್ಥೆಯವರು ಇದೇ ಕಬ್ಬಿಣದ ಲೆಕ್ಕವನ್ನು ವಿಕಿರಣ ಸೂಸದ ಸ್ಥಿರ ಐಸೊಟೋಪುಗಳಿಂದ ತೆಗೆದಿದ್ದಾರೆ. ಅದೂ ಕಬ್ಬಿಣವೇ, ಪರಮಾಣುವಿನ ತೂಕದಲ್ಲಷ್ಟೇ ತುಸು ವ್ಯತ್ಯಾಸ. ಊಟವಾಗಿ ಎರಡು ವಾರಕ್ಕೆ ತೆಗೆದ ರಕ್ತದಲ್ಲಿ ಯಂತ್ರ ಅದನ್ನು ಗುರುತಿಸುತ್ತದೆ. ಇಂಥ ದಾರಿ ಇರುವಾಗ ವಿಕಿರಣ ಉಣಿಸುವುದು ತಪ್ಪು, ಪ್ರಮಾಣ ಎಷ್ಟೇ ಇರಲಿ.

ನಮ್ಮ ಸೀಮೆಗೆ ಸಂಶೋಧನೆ ಹೊಸದಲ್ಲ. 1957ರಲ್ಲಿ ಸೊರಬದ ಕ್ಯಾಸನೂರು ಕಾಡಿನಲ್ಲಿ ಕಾಯಿಲೆಯಿಂದ ಮಂಗಗಳು ಸತ್ತು ಬಿದ್ದಂದಿನಿಂದ ಇಲ್ಲಿಯವರು ಪರೀಕ್ಷೆಗೆ ರಕ್ತ ಕೊಟ್ಟಿದ್ದಾರೆ, ಲಸಿಕೆಗೆ ತೋಳು ಒಡ್ಡಿದ್ದಾರೆ. ಡಾಕ್ಟ್ರು ಹೇಳಿದ ಮೇಲೆ ಮುಗೀತು ಎನ್ನುವ ನಂಬಿಕೆ ಇನ್ನೂ ಉಳಿದಿದೆ. ಭಾಗವಹಿಸುವವರಿಗೆ ಅರ್ಥವಾಗುವ ಭಾಷೆಯಲ್ಲೇ ತಿಳಿಸಬೇಕೆಂದು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ 2017ರ ಮಾರ್ಗಸೂಚಿ ಹೇಳುತ್ತದೆ. ಪ್ರಯೋಗದ ಒಪ್ಪಿಗೆ ಪತ್ರ ನಿಮ್ಮ ಮನೆಯ ಜಗಲಿಗೆ ಬಂದರೆ ಕನ್ನಡದಲ್ಲಿ ಓದಿ ಹೇಳಿಸಿಕೊಳ್ಳಿ. ವಿಕಿರಣವಿಲ್ಲದೆ ಇದನ್ನು ಅಳೆಯಲಾಗದೇ ಎಂದು ಕೇಳಿ. ಉತ್ತರ ಮನಸ್ಸಿಗೆ ಇಳಿಯುವ ತನಕ ಹೆಬ್ಬೆಟ್ಟು ಒತ್ತಬೇಡಿ.