ಕೋಡು ಬರೆಯುವ ತಮ್ಮಂದಿರೇ, ಕನ್ನಡಕ್ಕೆಷ್ಟು ಸಾಲು?

ರಾಮನಗರ, ಚನ್ನಪಟ್ಟಣದಿಂದ ರೈಲು ಹಿಡಿದು, ಕನಕಪುರ, ಮಾಗಡಿಯಿಂದ ಬಸ್ಸು ಹತ್ತಿ ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳಿಗೆ ಓಡುವ ತಮ್ಮಂದಿರೇ, ತಂಗಿಯರೇ! ನವೆಂಬರ್ ಒಂದಕ್ಕೆ ಫೇಸ್‌ಬುಕ್ಕಿನಲ್ಲಿ ಹಳದಿ-ಕೆಂಪು ಬಳಿದುಕೊಳ್ಳುತ್ತೀರಿ. 2021ರ ಜೂನ್‌ನಲ್ಲಿ ಗೂಗಲ್ ಹುಡುಕಾಟ ಭಾರತದ ಕೊಳಕು ಭಾಷೆ ಕನ್ನಡ ಎಂದು ತೋರಿಸಿದಾಗ ಗುಡುಗಿದಿರಿ, ಕಂಪನಿ ಕ್ಷಮೆ ಕೇಳಿತು. ಭೇಷ್! ಆದರೆ ರಾತ್ರಿಯೆಲ್ಲ ಕೂತು ಪ್ರೋಗ್ರಾಮಿನ ದೋಷ ಹಿಡಿದ ಕಥೆಯನ್ನು, ಹೊಸದಾಗಿ ಕಲಿತ ವಿದ್ಯೆಯನ್ನು ಬರೆಯುವಾಗ ಮಾತ್ರ ಇಂಗ್ಲಿಷು. ಕನ್ನಡ ಬರೀ ಜಗಳಕ್ಕೋ?

ನಾನು ಪ್ರೆಸ್ಸಿನವನು, ಓದಿದ್ದು ಪಿಯುಸಿ. ನಿಮ್ಮ ಪೈಥಾನ್ ನನಗೆ ಗೊತ್ತಿಲ್ಲ. ಕಂಪ್ಯೂಟರಿನಲ್ಲಿ ಕನ್ನಡ ಎಲ್ಲಿ ಕುಂಟುತ್ತದೆ ಎಂಬುದು ಚೆನ್ನಾಗಿ ಗೊತ್ತು. ಮದುವೆ ಕರೆಯೋಲೆಯ ಒಕ್ಕಣೆ ವಾಟ್ಸಾಪಿನಲ್ಲಿ ಯೂನಿಕೋಡ್ ಕನ್ನಡವಾಗಿ ಬರುತ್ತದೆ. 2001ರ ಪೇಜ್‌ಮೇಕರಿಗೆ ಅದು ಅರ್ಥವಾಗದು, ನುಡಿಯ ಹಳೇ ಫಾಂಟಿಗೆ ತಿರುಗಿಸಬೇಕು. ಆ ಫಾಂಟೋ ಬರೀ ವೇಷ: ಒಳಗೆ ಇಂಗ್ಲಿಷ್ ಅಕ್ಷರದ ಸಂಕೇತ, ಮೇಲೆ ಕನ್ನಡದ ಮುಖವಾಡ. ‘ಸೂರ್ಯ’ ಎಂಬಲ್ಲಿ ಹಳೇ ಫಾಂಟು ಅರ್ಕಾವತ್ತನ್ನು ಯಕಾರದ ನಂತರ ಇಡುತ್ತದೆ. ಯೂನಿಕೋಡ್ ರಕಾರವನ್ನು ಮೊದಲಿಡುತ್ತದೆ. ತಿರುಗಿಸುವ ತಂತ್ರಾಂಶ ಇಲ್ಲಿ ಎಡವಿದರೆ ವರನ ಹೆಸರೇ ಕೆಡುತ್ತದೆ. ಬೈಗುಳ ಯಾರಿಗೆ? ಪ್ರೆಸ್ಸಿನವನಿಗೆ!

ಹೊಸ ತಂತ್ರಾಂಶ ಕೊಂಡುಕೊಳ್ಳಿ ಎನ್ನುತ್ತೀರಿ. ಕೊಳ್ಳೋಣ. ಅಷ್ಟೂ ವರ್ಷ ಹಳೇ ಸಂಕೇತದಲ್ಲಿ ಜೋಡಿಸಿದ ಕಥೆ, ಕವನ, ಊರಿನ ಚರಿತ್ರೆ, ಸ್ಮರಣ ಸಂಚಿಕೆ? ಅವೆಲ್ಲ ಪ್ರೆಸ್ಸುಗಳ ಹಾರ್ಡ್‌ಡಿಸ್ಕಿನಲ್ಲಿ ಕೊಳೆಯುತ್ತಿವೆ. ಕನ್ನಡದಲ್ಲಿ ಹುಡುಕಿದರೆ ಒಂದು ಪದವೂ ಸಿಗದು. ಡಿಸ್ಕು ಸತ್ತ ದಿನ ಅವೂ ಸತ್ತವು.

ಸರ್ಕಾರ ಮಾಡಲಿ ಎಂದು ಕಾಯುತ್ತೀರಾ? ಶೇಷಾದ್ರಿವಾಸು 1998ರಲ್ಲಿ ‘ಬರಹ’ ಕೊಟ್ಟದ್ದು ಯಾರ ಅಪ್ಪಣೆಗೆ ಕಾದು? ಕೆ.ಪಿ. ರಾವ್ ರೂಪಿಸಿದ ಕೀಲಿಮಣೆಯ ಮೇಲೇ ಇಂದಿಗೂ ನಮ್ಮ ಡಿಟಿಪಿ ಹುಡುಗರ ಬೆರಳು ಓಡುತ್ತದೆ. ಪಕ್ಕದ ಮಲಯಾಳಿ ಹುಡುಗರನ್ನು ನೋಡಿ, 2002ರಲ್ಲೇ ‘ಸ್ವತಂತ್ರ ಮಲಯಾಳಂ ಕಂಪ್ಯೂಟಿಂಗ್’ ಕಟ್ಟಿಕೊಂಡು ಫಾಂಟು, ಕಾಗುಣಿತ ತಿದ್ದುವ ತಂತ್ರಾಂಶ ಎಲ್ಲವನ್ನೂ ತಾವೇ ಮಾಡಿಕೊಂಡರು. ನಮ್ಮಲ್ಲೂ ಒಂದಿಬ್ಬರು ಪುಣ್ಯಾತ್ಮರು ಪರಿವರ್ತಕ ಬರೆದು ಪುಕ್ಕಟೆ ಹಂಚಿದ್ದಾರೆ, ಅವರಿಗೆ ಶರಣು. ಒಂದಿಬ್ಬರೇ ಎಷ್ಟು ತಿದ್ದಿಯಾರು?

ಭಾನುವಾರ ಒಂದು ಗಂಟೆ ಕೊಡಿ. ಮಾಡಿದ್ದನ್ನು, ಎಡವಿದ್ದನ್ನು ಕನ್ನಡದಲ್ಲೇ ಬರೆದು ಹಾಕಿ, ಮಾಗಡಿಯ ಡಿಪ್ಲೊಮಾ ಹುಡುಗಿ ಓದಿ ಕಲಿಯಲಿ. ಪರೀಕ್ಷಿಸಲು ಹಳೇ ಫೈಲು ಬೇಕೇ? ನಿಮ್ಮೂರಿನ ಪ್ರೆಸ್ಸಿಗೆ ಬನ್ನಿ. ಪೆನ್‌ಡ್ರೈವ್ ತುಂಬ ಕೊಡುತ್ತೇವೆ, ಟೀ ನಮ್ಮದೇ.