ಪ್ಲಸ್ ಅಂದ್ರೆ ಬರೀ ಕೂಡೋದಲ್ಲ ಸ್ವಾಮಿ!

ಆಪರೇಟರ್ ಓವರ್‌ಲೋಡಿಂಗ್ ಅಂದ ಕೂಡಲೇ ಮೂಗು ಮುರಿಯೋ ಜಾವಾ ಮಂದಿ ಬಹಳ. "ಪ್ಲಸ್ ಅಂತ ಬರೆದಿರ್ತಾರೆ, ಒಳಗೆ ಏನು ನಡೆಯುತ್ತೋ ದೇವರೇ ಬಲ್ಲ" ಅನ್ನೋದು ಅವರ ವಾದ. ನನಗೆ ಇದು ಅರ್ಧ ಮಾತ್ರ ಸರಿ ಅನ್ಸುತ್ತೆ.

ಪ್ರೋಗ್ರಾಮಿಂಗ್ ಗೊತ್ತಿಲ್ಲದವರಿಗೆ ಒಂದು ಮಾತು: ಒಂದೇ ಚಿಹ್ನೆಗೆ, ಅದರ ಅಕ್ಕಪಕ್ಕ ಏನಿದೆ ಅನ್ನೋದನ್ನ ನೋಡಿಕೊಂಡು ಬೇರೆ ಬೇರೆ ಕೆಲಸ ಕೊಡೋದೇ ಓವರ್‌ಲೋಡಿಂಗ್. ಇದು ನಮ್ಮ ಶಾಲೆ ಪುಸ್ತಕದಲ್ಲೇ ಇತ್ತಲ್ಲ! ಗಣಿತದ ಪಿರಿಯಡ್ಡಿನಲ್ಲಿ 2 + 3 = 5. ಅದು ಮುಗಿದು ಕನ್ನಡ ಪಿರಿಯಡ್ ಬಂದರೆ ಊರು + ಅಲ್ಲಿ = ಊರಲ್ಲಿ, ಮನೆ + ಅನ್ನು = ಮನೆಯನ್ನು, ಮಳೆ + ಕಾಲ = ಮಳೆಗಾಲ. ಲೋಪ, ಆಗಮ, ಆದೇಶ ಮೂರೂ ಅದೇ ಪ್ಲಸ್ಸಿನ ಹೊಟ್ಟೆಯೊಳಗೆ. ಚಿಹ್ನೆ ನೋಡಿ ಯಾರೂ ಗಲಿಬಿಲಿ ಆಗಲಿಲ್ಲ. (ಸಂಧಿ ಹೆಸರು ಹೇಳು ಅಂದಾಗ ಆಗಿದ್ದು ಬೇರೆ ಕಥೆ :-) )

1995ರಲ್ಲಿ ಜಾವಾ ಬಂದಾಗ ಇದನ್ನ ಬೇಕಂತಲೇ ಕೈಬಿಟ್ಟರು. ಸಿ++ನಲ್ಲಿ ಜನ ದುರುಪಯೋಗ ಮಾಡಿದ್ದನ್ನ ನೋಡಿ ಹಾಗೆ ಮಾಡಿದೆ ಅಂತ ಜೇಮ್ಸ್ ಗಾಸ್ಲಿಂಗ್ ಹೇಳಿದ್ದುಂಟು. ತಮಾಷೆ ಅಂದ್ರೆ, ಸ್ಟ್ರಿಂಗ್ ಜೋಡಿಸೋಕೆ ಮಾತ್ರ ಜಾವಾ ತಾನೇ ಪ್ಲಸ್ ಇಟ್ಕೊಂಡಿದೆ. ಅದಕ್ಕೆ ಸಂಧಿ ಬರಲ್ಲ, "ಊರುಅಲ್ಲಿ" ಅಂತ ಅಂಟಿಸಿ ಕೈ ತೊಳ್ಕೊಳ್ಳುತ್ತೆ. ತನಗೊಂದು ನ್ಯಾಯ, ನಮಗೊಂದು ನ್ಯಾಯ!

ಇದರ ಬಿಸಿ ತಟ್ಟೋದು ದುಡ್ಡಿನ ಲೆಕ್ಕದಲ್ಲಿ. ಸಾಮಾನ್ಯ ಡಬಲ್‌ನಲ್ಲಿ 0.1 + 0.2 ಅಂದ್ರೆ 0.30000000000000004 ಬರುತ್ತೆ, ಹಾಗಾಗಿ ಬಿಗ್‌ಡೆಸಿಮಲ್ ಬೇಕೇ ಬೇಕು. ಈಗ ಸರಳ ಬಡ್ಡಿ ಸೇರಿಸಿ ಒಟ್ಟು ಮೊತ್ತ ಬರೆಯಿರಿ. ಓವರ್‌ಲೋಡಿಂಗ್ ಇದ್ದರೆ:

ಅಸಲು + ಅಸಲು * ದರ * ವರ್ಷ / ನೂರು

ಜಾವಾದಲ್ಲಿ:

ಅಸಲು.ಆಡ್(ಅಸಲು.ಮಲ್ಟಿಪ್ಲೈ(ದರ).ಮಲ್ಟಿಪ್ಲೈ(ವರ್ಷ).ಡಿವೈಡ್(ನೂರು))

ಇಲ್ಲಿ ಕೊನೆಯ ಬ್ರ್ಯಾಕೆಟ್ ಜಾಗ ತಪ್ಪಿ ಎರಡನೇ ಅಸಲಿನ ಪಕ್ಕದಲ್ಲೇ ಮುಚ್ಚಿತು ಅನ್ನಿ. ಕಂಪೈಲರ್ ತುಟಿ ಪಿಟಕ್ ಅನ್ನಲ್ಲ. 10,000 ರೂಪಾಯಿಗೆ 8ರ ದರದಲ್ಲಿ ಒಂದು ವರ್ಷಕ್ಕೆ 10,800 ಬರಬೇಕಾದ್ದು 1,600 ಆಗುತ್ತೆ! ಮೊದಲನೇ ಸಾಲನ್ನಾದರೆ ಜಾವಾ ಬಾರದ ಲೆಕ್ಕಿಗನೂ ಓದಿ ಸರಿ-ತಪ್ಪು ಹೇಳಬಲ್ಲ. ಎರಡನೆಯದನ್ನ ಅವನ ಮುಂದೆ ಹಿಡಿಯೋಕಾಗುತ್ತಾ? ಓದೋಕಾಗಲ್ಲ ಅನ್ನೋ ದೂರು ಯಾರ ಮೇಲೆ ಬೀಳಬೇಕು ನೀವೇ ಹೇಳಿ.

ಹಾಗಂತ ಸಿ++ ಮಂದಿ ಸಾಚಾ ಏನಲ್ಲ. ಬಿಟ್ ಸರಿಸೋ << ಚಿಹ್ನೆಯನ್ನ ಮುದ್ರಣಕ್ಕೂ ಹಚ್ಚಿದ್ದಾರೆ. ಅದು ಹೋಗ್ಲಿ, ಅಲ್ಲಿ && ಅನ್ನೂ ಓವರ್‌ಲೋಡ್ ಮಾಡಬಹುದು. ಮಾಡಿದರೆ ಎಡಗಡೆ ಸುಳ್ಳಾದರೂ ಬಲಗಡೆಯದು ಓಡಿಯೇ ಓಡುತ್ತೆ. ಓದುವವನಿಗೆ ಇದಕ್ಕಿಂತ ದೊಡ್ಡ ಮೋಸ ಇಲ್ಲ. ಗಾಸ್ಲಿಂಗ್ ಹೆದರಿದ್ದು ಸುಮ್ಮನೆ ಅಲ್ಲ.

ನನಗೆ ಹಿಡಿಸಿದ್ದು 2016ರಲ್ಲಿ 1.0 ಬಂದ ಕಾಟ್ಲಿನ್ ದಾರಿ. ಗೊತ್ತಾದ ಕೆಲವೇ ಚಿಹ್ನೆಗಳಿಗೆ ಅನುಮತಿ, && ಮುಟ್ಟೋ ಹಾಗಿಲ್ಲ, ಹೊಸ ಚಿಹ್ನೆ ಹುಟ್ಟಿಸೋ ಹಾಗೂ ಇಲ್ಲ. ಜಾವಾದ ಅದೇ ಬಿಗ್‌ಡೆಸಿಮಲ್‌ಗೆ ಅಲ್ಲಿ ಪ್ಲಸ್ ಆರಾಮಾಗಿ ಕೆಲಸ ಮಾಡುತ್ತೆ.

ಪೈಥಾನ್ ದಿನಾಂಕಗಳಲ್ಲೂ ಇದೇ ವಿವೇಕ ಇದೆ. ದೀಪಾವಳಿಯ ದಿನಾಂಕದಿಂದ ಯುಗಾದಿಯದನ್ನ ಕಳೆದರೆ ನಡುವೆ ಎಷ್ಟು ದಿನ ಅಂತ ಸಿಗುತ್ತೆ. ಎರಡನ್ನೂ ಕೂಡಿ ಅಂದ್ರೆ ಟೈಪ್‌ಎರರ್!