ಯಾವ ದಾರುಸ್ಸಲಾಂ?

ಹೊಸ ಮನೆಗೆ ಹೆಸರೇನು ಎಂದು ಕೇಳಿದರೆ ಉಪ್ಪ ಒಂದೇ ಮಾತಿಗೆ "ದಾರುಸ್ಸಲಾಂ" ಎಂದರು. ಶಾಂತಿಯ ಮನೆ. ನನಗೆ ಅದು ಬೇಡ. ನಮ್ಮ ರಸ್ತೆಯಲ್ಲೇ ಮೂರು ದಾರುಸ್ಸಲಾಂ ಇವೆ. ಅಂಗಡಿಯಿಂದ ಅಕ್ಕಿ ತರುವ ಆಟೋದವನು ಪ್ರತಿ ಸಲ ಫೋನ್ ಮಾಡಿ "ಯಾವ ದಾರುಸ್ಸಲಾಂ?" ಎಂದು ಕೇಳುತ್ತಾನೆ. ಆದರೆ ನನ್ನ ತಕರಾರು ಅಷ್ಟೇ ಅಲ್ಲ.

ಕ್ರಿ.ಶ. 762ರಲ್ಲಿ ಖಲೀಫ ಅಲ್ ಮನ್ಸೂರ್ ಟೈಗ್ರಿಸ್ ದಂಡೆಯಲ್ಲಿ ರಾಜಧಾನಿ ಕಟ್ಟಿಸಿ ಅದಕ್ಕೆ ಮದೀನತುಸ್ಸಲಾಂ, ಅಂದರೆ ಶಾಂತಿಯ ನಗರ ಎಂದು ಹೆಸರಿಟ್ಟರು. ನಾಣ್ಯದ ಮೇಲೂ ಅದನ್ನೇ ಅಚ್ಚೊತ್ತಿಸಿದರು. ಜನ ಮಾತ್ರ ಆ ಜಾಗಕ್ಕೆ ಮೊದಲೇ ಇದ್ದ ಹೆಸರು ಬಿಡಲಿಲ್ಲ. ಅದೇ ಬಗ್ದಾದ್. 1258ರಲ್ಲಿ ಹುಲಗುವಿನ ಮಂಗೋಲ್ ಸೇನೆ ಬಂದಾಗ ನಾಣ್ಯದ ಮೇಲಿನ ಸಲಾಂ ಊರನ್ನು ಕಾಯಲಿಲ್ಲ.

ಪೂರ್ವ ಆಫ್ರಿಕದಲ್ಲಿ ಆದದ್ದು ಬೇರೆ. 1860ರ ದಶಕದಲ್ಲಿ ಝಾಂಝಿಬಾರಿನ ಸುಲ್ತಾನ್ ಮಜೀದ್ ಕಡಲ ಬದಿಯಲ್ಲಿ ದಾರುಸ್ಸಲಾಂ ಕಟ್ಟಿಸತೊಡಗಿದರು. ಅಲ್ಲಿ ಮೊದಲೇ ಮ್ಝಿಝಿಮ ಎಂಬ ಮೀನುಗಾರರ ಊರಿತ್ತು. ಇಂದು ತಾಂಝಾನಿಯದ ಅತಿ ದೊಡ್ಡ ನಗರದ ಹೆಸರು ಎಲ್ಲರಿಗೂ ಗೊತ್ತು, ಮ್ಝಿಝಿಮ ಯಾರಿಗೆ ಗೊತ್ತು?

ನಮ್ಮ ಜಾಗದ ಹೆಸರು ಪೆಲತ್ತಡಿ. ತುಳುವಿನಲ್ಲಿ ಹಲಸಿನ ಮರದ ಬುಡ ಎಂದರ್ಥ. ಮರ ಹೋಗಿ ಎಷ್ಟೋ ವರ್ಷವಾಯಿತು, ಉಮ್ಮ ಇಂದಿಗೂ "ಪೆಲತ್ತಡಿಗೆ ಹೋಗಿ ಬಾ" ಎನ್ನುತ್ತಾರೆ. ಬೋರ್ಡಿನಲ್ಲಿ ಮಂಜೇಶ್ವರಕ್ಕೆ ಒಂದು ಸೊನ್ನೆ ಸೇರಿಸಿ ಮಂಜೇಶ್ವರಂ ಮಾಡಿದರೆ ನಾವು ಗಡಿಯವರು ಸಿಟ್ಟಾಗುತ್ತೇವೆ. ನಮ್ಮ ಗೇಟಿನಲ್ಲಿ ಪೆಲತ್ತಡಿಯನ್ನು ನಾವೇ ಅಳಿಸುವಾಗ ಸಿಟ್ಟು ಬರುವುದಿಲ್ಲ.

ಇದನ್ನು ಬರೆಯಬೇಕೋ ಬೇಡವೋ ಎಂದು ಎರಡು ದಿನ ಯೋಚಿಸಿದೆ. ನಮ್ಮ ತರವಾಡು ಮನೆಯ ಹೆಸರೂ ದಾರುಸ್ಸಲಾಂ. ಅಲ್ಲಿ ಉಪ್ಪನ ಅಣ್ಣ ಇದ್ದಾರೆ. ಬಾವಿಗೆ ಹೋಗುವ ದಾರಿಯ ವಿಷಯದಲ್ಲಿ ಇಬ್ಬರಿಗೂ ಮಾತು ನಿಂತು ಏಳು ವರ್ಷ. ಮಸೀದಿಯಲ್ಲಿ ಒಂದೇ ಸಫಿನಲ್ಲಿ ನಿಲ್ಲುತ್ತಾರೆ, ಹೊರಗೆ ಬಂದು ಚಪ್ಪಲಿ ಹಾಕುವಾಗ ಮುಖ ತಿರುಗಿಸುತ್ತಾರೆ. ಸಲಾಂ ಹೇಳುವುದಿಲ್ಲ. ಹೀಗಿರುವಾಗ ಇನ್ನೊಂದು ಗೇಟಿಗೆ ಅದೇ ಹೆಸರು ಯಾಕೆ?

ಉಪ್ಪನಿಗೆ ಹೇಳಿದ್ದೇನೆ: ನೀವು ಮೊದಲು ಆ ಮನೆಗೆ ಹೋಗಿ ಒಂದು ಸಲಾಂ ಹೇಳಿ ಬನ್ನಿ, ಆಮೇಲೆ ನಾನೇ ನನ್ನ ವರ್ಕ್‌ಶಾಪಿನಲ್ಲಿ ಸ್ಟೀಲಿನಲ್ಲಿ ದಾರುಸ್ಸಲಾಂ ಎಂದು ಕೊರೆದು ಕೊಡುತ್ತೇನೆ. ಅಲ್ಲಿವರೆಗೆ ಪೆಲತ್ತಡಿ ಸಾಕು. ಉಪ್ಪ ಉತ್ತರ ಕೊಟ್ಟಿಲ್ಲ. ತಗಡು ತಂದಿಟ್ಟಿದ್ದೇನೆ, ಅಕ್ಷರ ಕೊರೆದಿಲ್ಲ.